ಬಿದ್ದವರ ಕೊಕ್ಕೆ

ಮಾರ್ಚ್ 3, ಸೋಮವಾರ

ಟೈರ್ ಕಂಪನಿಯವರು ಪುಕ್ಕಟೆ ಕೊಟ್ಟ ಡೈರಿ ಇದು. ಎರಡು ತಿಂಗಳಿಂದ ನನ್ನ ಸೈಕಲ್ ರಿಪೇರಿ ಅಂಗಡಿಯಲ್ಲಿ ಮೇಜಿನ ಕುಂಟುಕಾಲಿನ ಕೆಳಗಿತ್ತು. ಇವತ್ತು ಎಳೆದು ತಂದಿದ್ದೇನೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೂತು ಹುಚ್ಚು ಹಿಡಿದಂತಾಗಿದೆ. ಹದಿನೈದು ವರ್ಷ ದಿನವಿಡೀ ಸ್ಪ್ಯಾನರ್ ಹಿಡಿದ ಕೈ, ಸುಮ್ಮನಿರು ಎಂದರೆ ಇರುತ್ತದೆಯೇ?

ತಮ್ಮ ನಿನ್ನೆ ಬೆಳಗ್ಗೆ ಬಿದ್ದ. ಬೆಟ್ಟದ ಹಿಂಬದಿಯಲ್ಲಿ ನಮ್ಮ ಭಾನುವಾರದ ಸೈಕಲ್ ಗುಂಪು ಗುದ್ದಲಿ ಹಿಡಿದು ತಾನೇ ಕಡಿದ ದಾರಿಯಲ್ಲಿ, ಮೆಟ್ಟಿಲು ಬಂಡೆಯ ಹತ್ತಿರ. ಆ ಬಂಡೆಯನ್ನು ಅವನು ಇನ್ನೂರು ಸಲವಾದರೂ ಇಳಿದಿದ್ದಾನೆ. ನಾವೆಲ್ಲ ಅಲ್ಲಿ ಸೈಕಲ್ಲಿನಿಂದಿಳಿದು, ದೇವರೇ ಎಂದು ತಳ್ಳಿಕೊಂಡು ಹೋಗುವವರು. ಅವನು ಮಾತ್ರ ಸಿಳ್ಳೆ ಹಾಕುತ್ತ ಇಳಿಯುವವನು. ನಿನ್ನೆ ಕಾಡುಹಂದಿ ಅಡ್ಡ ಬಂತು, ಹಿಂದೆ ನಾಲ್ಕೈದು ಮರಿ. ಇವನು ಬ್ರೇಕ್ ಹಿಡಿದ. ನಾನು ಅವನ ಹಿಂದೆ ಎರಡನೆಯವಳು. ಹಿಂದಿನ ಚಕ್ರ ಮೇಲೆದ್ದದ್ದು ಕಂಡಿತು, ಆಮೇಲೆ ಅವನು ಹ್ಯಾಂಡಲ್ ದಾಟಿ ಹೋದದ್ದು. ಆಮೇಲೆ ಕೇಳಿದ ಸದ್ದಿನ ಬಗ್ಗೆ ಬರೆಯುವುದಿಲ್ಲ.

ಸೊಂಟದ ಮೇಲೆ ಬೆನ್ನುಮೂಳೆ ಒಡೆದಿದೆ. ಆಪರೇಷನ್ ಆಯಿತು. ಜೀವಕ್ಕೆ ಭಯವಿಲ್ಲವಂತೆ. ಕಾಲುಗಳ ವಿಷಯ ಈಗಲೇ ಏನೂ ಹೇಳಲಾಗದು ಎಂದರು ಡಾಕ್ಟರು. ಅಮ್ಮ ಅವರ ಮುಖವನ್ನೇ ನೋಡುತ್ತ, "ಅಲ್ಲ ಡಾಕ್ಟ್ರೇ, ಹೇಳೋಕಾಗಲ್ಲ ಅಂದ್ರೆ ಏನು? ನಡೀತಾನೋ ಇಲ್ವೋ?" ಎಂದು ನಾಲ್ಕು ಸಲ ಕೇಳಿದಳು. ನಾಲ್ಕು ಸಲವೂ ಅದೇ ಉತ್ತರ.

ಮೊನ್ನೆಯಷ್ಟೇ ಅವನಿಗೆಂದು ಹೊಸ ಬ್ರೇಕು ತರಿಸಿದ್ದೆ. ತಂತಿಯ ಬದಲು ಎಣ್ಣೆ ಪೈಪಿನದು, ನಮ್ಮ ಗುಂಪು ಬಿಟ್ಟರೆ ಈ ಊರಿನಲ್ಲಿ ಯಾರ ಹತ್ತಿರವೂ ಇಲ್ಲದಂಥದ್ದು. ನಿನ್ನೆ ಹೊರಡುವ ಮುಂಚೆ ನಾನೇ ಕೂರಿಸಿಕೊಟ್ಟೆ. ಅಂಥ ಬ್ರೇಕಿದ್ದೂ ಹೀಗಾಯಿತಲ್ಲ.

ಮಾರ್ಚ್ 4, ಮಂಗಳವಾರ

ಮೇಷ್ಟ್ರು ಅವನ ಸೈಕಲ್ಲನ್ನು ಅಂಗಡಿಗೆ ತಂದು ಕೊಕ್ಕೆಗೆ ಏರಿಸಿದರು. ಮೇಷ್ಟ್ರು ಎಂದರೆ ನಮ್ಮ ಗುಂಪಿನ ಹಿರಿಯ. ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು, ಈಗಲೂ ನಮಗಿಂತ ಮೊದಲು ಬೆಟ್ಟದ ತುದಿಯಲ್ಲಿರುತ್ತಾರೆ.

ಕೊಕ್ಕೆಯ ನಿಯಮ ಅಪ್ಪನ ಕಾಲದ್ದು. ಬಿದ್ದು ಪೆಟ್ಟು ಮಾಡಿಕೊಂಡವರ ಸೈಕಲ್ಲನ್ನು ನನ್ನ ಮೇಜಿನ ಮೇಲ್ಗಡೆ, ಚಾವಣಿಯ ಕೊಕ್ಕೆಗೆ ಹಗ್ಗ ಕಟ್ಟಿ ಏರಿಸುವುದು. ಕೆಸರು ಕೂಡ ಒರೆಸುವಂತಿಲ್ಲ. ವಾಸಿಯಾದ ಮೇಲೆ ಬಿದ್ದವರೇ ಬಂದು, ತಮ್ಮ ಕೈಯಿಂದ ಹಗ್ಗ ಬಿಟ್ಟು ಇಳಿಸಿಕೊಳ್ಳಬೇಕು. ಬೇರೆ ಯಾರೂ ಮುಟ್ಟಬಾರದು. "ಮನುಷ್ಯ ವಾಪಸ್ ಬರ್ತಾನೆ ಅಂತ ಸೈಕಲ್ಲಿಗೆ ಗೊತ್ತಾಗ್ಬೇಕು ಕಣೇ" ಎನ್ನುತ್ತಿದ್ದ ಅಪ್ಪ. ಆಗ ನಗುತ್ತಿದ್ದೆ.

"ಇಳಿಸ್ಕೊಳ್ತಾನೆ ಬಿಡಮ್ಮ" ಎಂದರು ಮೇಷ್ಟ್ರು. ಹಗ್ಗದ ಗಂಟನ್ನು ಬಿಚ್ಚಿ ಇನ್ನೊಮ್ಮೆ ಕಟ್ಟಿದರು.

ಮಾರ್ಚ್ 6, ಗುರುವಾರ

ನೋಡಬಾರದಿತ್ತು. ನೋಡಿಬಿಟ್ಟೆ.

ಸುಮ್ಮನೆ ಸ್ಟೂಲಿನ ಮೇಲೆ ಕೂತು ತಲೆಯೆತ್ತಿದೆ, ಅಷ್ಟೇ. ತಲೆಯ ಮೇಲೆ ಅವನ ಸೈಕಲ್ಲು. ಮುಂದಿನ ಚಕ್ರದಿಂದ ಹೊರಟ ಬ್ರೇಕ್ ಪೈಪು ಕಣ್ಣಿಗೆ ಬಿತ್ತು. ಅದರ ಜೊತೆ ಕಣ್ಣು ಮೇಲಕ್ಕೆ ಹೋಯಿತು. ಪೈಪು ಬಲಗೈ ಲಿವರಿಗೆ ಹೋಗಿ ಸೇರಿತ್ತು.



ಬರೆಯುತ್ತೇನೆ, ಸರಿಯಾಗಿಯೇ ಬರೆಯುತ್ತೇನೆ. ಊರಿನವರೆಲ್ಲರ ಸೈಕಲ್ಲಿನಲ್ಲಿ ಬಲಗೈಗೆ ಮುಂದಿನ ಬ್ರೇಕು, ಎಡಗೈಗೆ ಹಿಂದಿನದು. ನನ್ನದೂ ಹಾಗೇ. ತಮ್ಮನದು ಮಾತ್ರ ಅದಲುಬದಲು. ಅಪ್ಪ ಎಡಚ, ತನಗೆ ಬೇಕಾದ ಹಾಗೆ ಜೋಡಿಸಿಕೊಂಡ ಸೈಕಲ್ಲಿನ ಮೇಲೆಯೇ ಇವನಿಗೆ ಕಲಿಸಿದ. ಅದಕ್ಕೇ ಗುಂಪಿನಲ್ಲಿ ಇವನ ಹೆಸರು ಉಲ್ಟಾ. ಇವನ ಸೈಕಲ್ಲನ್ನು ಯಾರೂ ಎರವಲು ಕೇಳುವುದಿಲ್ಲ. ಕೇಳಿದರೆ ಇವನೇ ನಗುತ್ತ, "ಹಲ್ಲು ಬೇಡ ಅಂತಿದ್ರೆ ತಗೊಂಡ್ಹೋಗಿ" ಎನ್ನುತ್ತಾನೆ.

ಇದು ಊರಿಗೆಲ್ಲ ಗೊತ್ತು. ಮೂವತ್ತನಾಲ್ಕು ವರ್ಷ ಅವನ ಅಕ್ಕನಾಗಿರುವ ನನಗೆ ಗೊತ್ತಿಲ್ಲವೇ? ಆ ವಾರ ಗುಂಪಿನ ಐದು ಜನಕ್ಕೆ ಹೊಸ ಬ್ರೇಕು ಕೂರಿಸಿದ್ದೆ. ಅವನದು ಆರನೆಯದು. ಪೆಟ್ಟಿಗೆಯಿಂದ ಬಂದದ್ದನ್ನು ಬಂದ ಹಾಗೆಯೇ, ಎಲ್ಲರಿಗೂ ಹಾಕುವ ಹಾಗೆಯೇ, ಬಾಯಲ್ಲಿ ಬ್ರೆಡ್ಡು ಕಚ್ಚಿಕೊಂಡು, ಹೊತ್ತಾಯಿತು ಎಂದು ಗಡಿಬಿಡಿಯಲ್ಲಿ ಹಾಕಿಬಿಟ್ಟೆ. ಕೈ ತನ್ನ ಪಾಡಿಗೆ ಕೆಲಸ ಮಾಡಿತು, ತಲೆ ಎಲ್ಲಿ ಹಾಳಾಗಿ ಹೋಗಿತ್ತೋ.

ಅಂಗಡಿಯ ಮುಂದೆ ಒಂದು ಸುತ್ತು ಹೊಡೆದು ಬಂದು, "ಏನೋ ಬೇರೆ ಥರ ಇದೆಯಲ್ಲಕ್ಕ" ಎಂದ. ಹೌದು, ಹಾಗೆಂದಿದ್ದ ಅವನು. "ಹೊಸದು ಕಣೋ, ಸ್ವಲ್ಪ ಜಾಸ್ತಿ ಕಚ್ಚುತ್ತೆ. ಹೊಂದ್ಕೊಳ್ಳೋವರೆಗೆ ಎರಡೂ ಸೇರ್ಸಿ ಮೆಲ್ಲಗೆ ಹಿಡಿ" ಎಂದೆ ನಾನು, ದೊಡ್ಡ ಪಂಡಿತೆ. ಮೇಲಿನ ದಾರಿಯಲ್ಲೆಲ್ಲ ಹಾಗೇ ಹಿಡಿದಿರುತ್ತಾನೆ ಪಾಪ. ಮೆಟ್ಟಿಲು ಬಂಡೆಯಲ್ಲಿ ಮಾತ್ರ ಹಿಂದಿನ ಬ್ರೇಕು ಒಂದನ್ನೇ ಹಿಡಿಯಬೇಕು, ಮುಂದಿನದಕ್ಕೆ ಬೆರಳು ತಾಗಿದರೆ ಕತೆ ಮುಗಿಯಿತು. ಹಿಂದಿನದು ಎಂದು ಬಲಗೈ ಬೆರಳು ಒತ್ತಿದ್ದಾನೆ.

ನಾನು ಅವನ ಬೆನ್ನು ಮುರಿದೆ.

ಮಾರ್ಚ್ 9, ಭಾನುವಾರ

ಅವನಿಗೆ ಈಗ ಮಾತು ಸರಿಯಾಗಿ ಬರುತ್ತಿದೆ. ಹೇಳಿಬಿಡಬೇಕೆಂದೇ ಹೋಗಿದ್ದೆ. ಮೆಟ್ಟಿಲು ಹತ್ತುವಾಗ ವಾಕ್ಯ ಕೂಡ ಜೋಡಿಸಿಕೊಂಡಿದ್ದೆ.

ನನ್ನನ್ನು ಕಂಡದ್ದೇ, "ಅಕ್ಕ, ನಾನು ಹಿಡಿದಿದ್ದು ಹಿಂದಿಂದೇ ಕಣೇ" ಎಂದ. ಹೇಗಿದ್ದೀಯ ಎಂದು ನಾನು ಕೇಳುವ ಮೊದಲೇ. "ಹಂದಿ ಕಾಣಿಸ್ತು. ಅದು ದಿನಾ ದಾಟುತ್ತೆ, ನಂಗೇನು ಗಾಬರಿ ಆಗ್ಲಿಲ್ಲ. ಬಲಗೈ ಒಂದೇ ಬೆರಳು. ಆಣೆ ಮಾಡಿ ಹೇಳ್ತೀನಿ. ಹಿಂದಿಂದು ಹಿಡಿದ್ರೆ ಮನುಷ್ಯ ಮುಂದಕ್ಕೆ ಹಾರ್ತಾನಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಮಂಚದ ಆಚೆ ಕೂತಿದ್ದ ಮೇಷ್ಟ್ರು, "ಲೋ ಉಲ್ಟಾ, ತಲೆಗೆ ಪೆಟ್ಟು ಬಿದ್ದಿದೆ ಕಣಪ್ಪ. ಆ ಹೊತ್ತಿಂದೆಲ್ಲ ಕಲಸಿಹೋಗಿರುತ್ತೆ. ಹಂದಿ ನೋಡಿ ಎರಡೂ ಹಿಡಿದಿರ್ತೀಯ. ಯಾರಾದ್ರೂ ಅದನ್ನೇ ಮಾಡೋರು" ಎಂದರು. ನರ್ಸಮ್ಮನೂ ತಲೆಯಾಡಿಸಿದಳು.

ಅವನು ನನ್ನ ಮುಖ ನೋಡಿದ. ನಾನೂ ತಲೆಯಾಡಿಸಿದೆ.

ಜೋಡಿಸಿಕೊಂಡ ವಾಕ್ಯದ ಸಮೇತ ಮೆಟ್ಟಿಲಿಳಿದು ಬಂದೆ. ಇನ್ನೂ ಸುಧಾರಿಸಿಕೊಳ್ಳಲಿ. ಸ್ವಲ್ಪ ಗಟ್ಟಿಯಾಗಲಿ, ಆಮೇಲೆ ಹೇಳುತ್ತೇನೆ. ಈಗ ಹೇಳಿದರೆ ಅವನಿಗೇ ಕೆಟ್ಟದ್ದು.

ಮಾರ್ಚ್ 22, ಶನಿವಾರ

ಅವನನ್ನು ಮನೆಗೆ ಕರೆತಂದೆವು. ಮುಂಬಾಗಿಲ ಕೋಣೆಯಲ್ಲಿ ಆಸ್ಪತ್ರೆಯಂಥದೇ ಮಂಚ, ಪಕ್ಕದಲ್ಲಿ ಕಬ್ಬಿಣದ ಸರಳು. ಅಮ್ಮ ಅವನ ಕಾಲಿನ ಹೆಬ್ಬೆರಳನ್ನೇ ನೋಡುತ್ತ ಕೂರುತ್ತಾಳೆ, ಹಾಲು ಉಕ್ಕುವುದನ್ನು ಕಾಯುವ ಹಾಗೆ.

ಸಂಜೆ ಅಂಗಡಿಯಲ್ಲಿ ಗುಂಪು ಸೇರಿತು. ಆ ಹಂದಿಯನ್ನು ಇಲ್ಲಿಂದ ತೆಗೆಸಬೇಕು, ಇಲ್ಲದಿದ್ದರೆ ಇನ್ನೊಬ್ಬರು ಬೀಳುತ್ತಾರೆ ಎಂದು ಅರಣ್ಯ ಕಚೇರಿಗೆ ಅರ್ಜಿ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಅಕ್ಕನಲ್ಲವೇ ನಾನು.

ಅರಣ್ಯದ ಗಾರ್ಡ್ ಕೂಡ ಬಂದಿದ್ದರು. ಮಾತು ಕಡಿಮೆ ಆಡುವ ಮನುಷ್ಯ, ಬೂಟು ಮಾತ್ರ ಕಿರುಗುಡುತ್ತದೆ. "ಆರು ವರ್ಷದಿಂದ ಅದು ಅದೇ ಹೊತ್ತಿಗೆ ಅದೇ ಜಾಗ ದಾಟುತ್ತೆ. ನೀವೂ ಅದೇ ಹೊತ್ತಿಗೆ ಇಳೀತೀರಿ. ಇಷ್ಟು ದಿನ ಇಲ್ಲದ್ದು ಈಗೇನಾಯ್ತು? ಸೈಕಲ್ಲಿಗೇನಾದ್ರೂ ಆಗಿತ್ತೇನೋ, ನೋಡಿದ್ರಾ?" ಎಂದರು.

"ಸೈಕಲ್ ಮುಟ್ಟೋ ಹಾಗಿಲ್ಲ" ಎಂದರು ಮೇಷ್ಟ್ರು, ಮೇಲೆ ತೋರಿಸಿ. "ಅಲ್ದೆ ಅದನ್ನ ನೋಡ್ಕೊಳ್ಳೋದು ಅವನಕ್ಕ. ಇವಳ ಕೈಯಲ್ಲಿ ತಪ್ಪಾಗಲ್ಲ."

ಎಲ್ಲರೂ ಮೇಲೆ ನೋಡಿದರು. ಹನ್ನೊಂದು ಜನ ಕತ್ತೆತ್ತಿ ಆ ಪೈಪನ್ನೇ ನೋಡಿದರು, ಒಬ್ಬರಿಗೂ ಕಾಣಲಿಲ್ಲ. ಕೆಸರು ಮೆತ್ತಿಕೊಂಡಿತ್ತು. ನಾನು ಪೆನ್ನು ತೆಗೆದುಕೊಂಡು ಅರ್ಜಿಗೆ ಮೊದಲನೆಯ ಸಹಿ ಹಾಕಿದೆ.

ಏಪ್ರಿಲ್ 9, ಬುಧವಾರ

ಹಂದಿಯನ್ನು ನಿನ್ನೆ ಹೊಡೆದರಂತೆ. ಬೋನಿಗೆ ಬೀಳಲಿಲ್ಲವಂತೆ, ಅದಕ್ಕೆ. ಗಾರ್ಡ್ ದಾರಿಯಲ್ಲಿ ಸಿಕ್ಕಿ ಹೇಳಿದರು. ಮರಿಗಳು ಪೊದೆಯೊಳಗೆ ಓಡಿಹೋದವಂತೆ. ಮರಿಗಳ ಬೆನ್ನ ಮೇಲಿನ ಗೆರೆ ಇನ್ನೂ ಮಾಸಿರಲಿಲ್ಲ, ಅಷ್ಟು ಎಳೆಯವು ಎಂದರು. ಈಗ ಏನು ತಿನ್ನುತ್ತವೆ ಎಂದು ಕೇಳಿದೆ. ಅವರು ಬೂಟು ಕಿರುಗುಡಿಸುತ್ತ ಹೊರಟುಹೋದರು.

ಏನೇ ಆಗಲಿ, ತಮ್ಮನನ್ನು ಕೆಡವಿದ ಹಂದಿ ಇನ್ನಿಲ್ಲ. ಗುಂಪಿನವರಿಗೂ ಒಂದು ಸಮಾಧಾನ. ಇವತ್ತು ಎರಡು ಗೇರ್ ಸೆಟ್, ಒಂದು ಟ್ಯೂಬು. ಊಟ ಸೇರಿತು.

ಏಪ್ರಿಲ್ 12, ಶನಿವಾರ

ಮಧ್ಯಾಹ್ನ ಶಟರ್ ಅರ್ಧ ಎಳೆದು ಸೈಕಲ್ಲನ್ನು ಇಳಿಸಿದೆ.

ಬಿದ್ದವರ ಸೈಕಲ್ಲು. ಅಪ್ಪನ ಕಾಲದಿಂದ ಯಾರೂ ಮಾಡದ ಕೆಲಸ. ಎರಡೂ ಪೈಪು ಬಿಚ್ಚಿ, ಅದಲುಬದಲು ಮಾಡಿ, ಸಿರಿಂಜಿನಿಂದ ಎಣ್ಣೆ ತುಂಬಿ, ಗಾಳಿ ತೆಗೆದು ಬಿಗಿದೆ. ನಲವತ್ತು ನಿಮಿಷ. ಎಲ್ಲಿಯೂ ಕೆಸರು ಉದುರದ ಹಾಗೆ ನೋಡಿಕೊಂಡೆ. ಒಂದು ಕಡೆ ಉದುರಿತು, ಆ ಜಾಗಕ್ಕೆ ಕೆಸರು ಕಲಸಿ ಬೆರಳಿನಿಂದ ಮೆತ್ತಿದೆ. ಎಂಥ ನಾಜೂಕು ಕೆಲಸ! ಮಾರ್ಚ್ ಎರಡರಂದು ಇದರಲ್ಲಿ ಅರ್ಧದಷ್ಟು ಗಮನ ಇದ್ದಿದ್ದರೆ ಸಾಕಿತ್ತು.

ಮತ್ತೆ ಏರಿಸಿದೆ. ಈಗ ಇರಬೇಕಾದ ಹಾಗೆ ಇದೆ. ಎಂದಿದ್ದರೂ ಅದನ್ನು ಸರಿಪಡಿಸಲೇಬೇಕಿತ್ತು. ಮುಂದೆ ಅವನು ಓಡಿಸುವಾಗ ಮತ್ತೆ ಬೀಳಬಾರದಲ್ಲ. ಹಂದಿ ಅಡ್ಡ ಬರದಿದ್ದರೆ ಅವನು ಅಲ್ಲಿ ಬ್ರೇಕ್ ಮುಟ್ಟುತ್ತಲೇ ಇರಲಿಲ್ಲ ಎಂಬುದೂ ನಿಜವೇ.

ಏಪ್ರಿಲ್ 13

ಏನೂ ಇಲ್ಲ.

ಏಪ್ರಿಲ್ 27, ಭಾನುವಾರ

ಗಾಲಿಕುರ್ಚಿಯಲ್ಲಿ ಅವನನ್ನು ಅಂಗಡಿಗೆ ಕರೆತಂದರು. ಅವನದೇ ಹಟ. ಮೂರು ವಾರದಿಂದ, ಕಾಲಿನ ವ್ಯಾಯಾಮ ಮಾಡಿಸಲು ಮನೆಗೆ ಬರುವ ವ್ಯಾಯಾಮದವಳು ಹೇಳಿದ್ದನ್ನೆಲ್ಲ ಹಲ್ಲು ಕಚ್ಚಿಕೊಂಡು ಮಾಡುತ್ತಿದ್ದ. ಎಡಗಾಲು ಸ್ವಲ್ಪ ಸ್ವಲ್ಪ ಮಾತು ಕೇಳುತ್ತಿದೆ. ಡಾಕ್ಟರು ಆರು ತಿಂಗಳ ಲೆಕ್ಕ ಕೊಟ್ಟಿದ್ದಾರೆ. ಬರುವುದಿದ್ದರೆ ಈ ಆರು ತಿಂಗಳಲ್ಲಿ ಬರಬೇಕು, ಅದೂ ದಿನಾ ಬಿಡದೆ ಮಾಡಿದರೆ ಮಾತ್ರ.

ಗುಂಪೆಲ್ಲ ಸೇರಿತ್ತು. ಹಗ್ಗವನ್ನು ಅವನ ಕೈಗೆ ಕೊಟ್ಟೆವು. ಅವನೇ ಬಿಟ್ಟ, ಗೇಣು ಗೇಣಾಗಿ. ಸೈಕಲ್ಲು ನೆಲ ಮುಟ್ಟಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ನಾನೂ ಚಪ್ಪಾಳೆ ತಟ್ಟಿದೆ.

ಅವನು ಯಾರ ಕಡೆಗೂ ನೋಡಲಿಲ್ಲ. "ಹಿಂದಿನ ಚಕ್ರ ಎತ್ತಿ ತಿರುಗ್ಸಿ" ಎಂದ. ಮೇಷ್ಟ್ರು ತಿರುಗಿಸಿದರು. ಬಲಗೈ ಬೆರಳು ಒತ್ತಿದ. ಹಿಂದಿನ ಚಕ್ರ ನಿಂತಿತು.

ಇನ್ನೊಮ್ಮೆ ಎಂದ. ಮತ್ತೆ ನಿಂತಿತು. ಮುಂದಿನದು ಎಂದ. ಎಡಗೈ ಒತ್ತಿದ, ನಿಂತಿತು.

"ಸರಿಯಾಗೇ ಇದೆ" ಎಂದ.

"ಹೇಳ್ಲಿಲ್ವೇನೋ ನಾನು!" ಎಂದರು ಮೇಷ್ಟ್ರು, ಖುಷಿಯಲ್ಲಿ. "ನಿಮ್ಮಕ್ಕ ಮಾಡಿದ ಕೆಲಸ ಅದು."

ಅವನು ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತ ಕೂತ. ಯಾರದೋ ಕೈ ಎಂಬಂತೆ. ಮೆಲ್ಲಗೆ, "ಹಾಗಾದ್ರೆ ನಾನೇ" ಎಂದ. ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿಸಿತು.

ಮೇ 5, ಸೋಮವಾರ

ವ್ಯಾಯಾಮದವಳನ್ನು ವಾಪಸು ಕಳುಹಿಸಿದ. ಇದು ನಾಲ್ಕನೆಯ ದಿನ.

ಮಲಗಿದಲ್ಲೇ ಅವನ ಬಲಗೈ ತೋರುಬೆರಳು ಮಂಚದ ಸರಳನ್ನು ಒತ್ತುತ್ತಿರುತ್ತದೆ. ಒತ್ತುವುದು, ಬಿಡುವುದು. ಒತ್ತುವುದು, ಬಿಡುವುದು. ಅಮ್ಮನಿಗೆ ಅದೂ ವ್ಯಾಯಾಮವೇ ಎಂದು ಸಂತೋಷ. "ನೋಡೇ, ಬೆರಳಲ್ಲಿ ಎಷ್ಟು ಶಕ್ತಿ ಬಂದಿದೆ" ಎನ್ನುತ್ತಾಳೆ. ಬೆರಳಿಗೆ ಏನಾಗಿತ್ತಮ್ಮ, ಅದು ಮೊದಲಿಂದಲೂ ಚೆನ್ನಾಗಿಯೇ ಇದೆ.

ಮೇ 14, ಬುಧವಾರ

ತಟ್ಟೆ ಮುಟ್ಟದೆ ಕೂತಿದ್ದ. ನಾನು ಚೆನ್ನಾಗಿ ಬೈದೆ. ಬೈಯುವುದು ನನಗೆ ಸಲೀಸು. "ಏನೋ ನಿನ್ನ ರೋಗ? ಕಾಲು ಬರೋ ಹೊತ್ತಲ್ಲಿ ಮುನಿಸ್ಕೊಂಡು ಕೂತಿದೀಯಲ್ಲ. ಅಮ್ಮನ ಮುಖ ನೋಡಿದೀಯಾ?"

ಅವನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಎಷ್ಟೋ ವಾಸಿಯಿತ್ತು.

"ಅಕ್ಕ, ನಂಗೆ ಬೀಳೋದಕ್ಕೆ ಭಯ ಇಲ್ಲ. ಕಾಲು ಹೋಯ್ತು ಅಂತಾನೂ ಅಲ್ಲ" ಎಂದ. "ನಂಗೆ ಸ್ಪಷ್ಟವಾಗಿ ನೆನಪಿದೆ. ಬಲಗೈ, ಒಂದೇ ಬೆರಳು, ಹಿಂದಿಂದು. ಈಗ್ಲೂ ಬೆರಳಿನ ತುದಿಯಲ್ಲಿದೆ. ಆದ್ರೆ ಅದು ಸುಳ್ಳು ಅಂತಾಯ್ತಲ್ಲ. ಹೊಸಬರು ಮಾಡೋ ತಪ್ಪನ್ನ ನಾನು ಮಾಡಿ, ತಲೆಯೊಳಗೆ ಬೇರೆ ಕತೆ ಕಟ್ಕೊಂಡಿದೀನಿ. ಇನ್ನು ಯಾವುದನ್ನ ನಂಬ್ಲಿ? ಅವಳು ಕಾಲೆತ್ತು ಅಂತಾಳೆ. ನಾನು ಎತ್ತಿದೀನಿ ಅನ್ಸುತ್ತೆ. ನೋಡಿದ್ರೆ ಎತ್ತಿರಲ್ಲ. ಎತ್ತಿಲ್ಲ ಅನ್ಸುತ್ತೆ, ಅವಳು ಶಭಾಷ್ ಅಂತಾಳೆ. ಎಲ್ಲ ಒಂದೇ. ಆ ಸೈಕಲ್ ಯಾರಿಗಾದ್ರೂ ಕೊಟ್ಬಿಡು."

ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಅಡುಗೆಮನೆಯಲ್ಲಿ ಅಮ್ಮ, "ಏನಂದ?" ಎಂದಳು. ಹಸಿವಿಲ್ಲವಂತೆ ಎಂದೆ.

ಮೇ 16, ಶುಕ್ರವಾರ

ಡಾಕ್ಟರು ಬಂದು ನೋಡಿದರು. ಎಡಗಾಲಿನಲ್ಲಿ ಬಂದಿದ್ದ ಶಕ್ತಿ ಕಡಿಮೆಯಾಗಿದೆ. ಹೀಗೇ ಬಿಟ್ಟರೆ ಅಲ್ಲಿಗೇ ಮುಗಿಯಿತು, ಆಮೇಲೆ ಯಾರೂ ಏನೂ ಮಾಡಲಾಗದು ಎಂದರು. ನನ್ನನ್ನು ಹೊರಗೆ ಕರೆದು, "ಅವರಿಗೆ ನಿಮ್ಮ ಮೇಲೆ ತುಂಬ ನಂಬಿಕೆ. ನೀವೇ ಹೇಳಿ ನೋಡಿ" ಎಂದರು.

ಹಿಂದಿನ ಪುಟಗಳನ್ನು ಓದಿದೆ. "ತಮ್ಮನನ್ನು ಕೆಡವಿದ ಹಂದಿ" ಎಂದು ಬರೆದಿದ್ದೇನೆ. ಯಾರಿಗೂ ತೋರಿಸದ ಡೈರಿಯಲ್ಲಿ, ನನಗೆ ನಾನೇ! ಯಾವ ಹೊತ್ತಿನಲ್ಲಿ ಅದನ್ನು ಬರೆದೆನೋ ನೆನಪಿಲ್ಲ. ಬರೆಯುವಾಗ ಕೈ ತಡವರಿಸಿದ ಗುರುತು ಕೂಡ ಇಲ್ಲ, ಅಕ್ಷರ ದುಂಡಗೆ ಇದೆ. ಥೂ.

ಮೇ 18, ಭಾನುವಾರ

ಬೆಳಗ್ಗೆ ಗುಂಪು ಬೆಟ್ಟಕ್ಕೆ ಹೋದ ಮೇಲೆ ಸೈಕಲ್ಲು, ಸ್ಟ್ಯಾಂಡು, ಸಿರಿಂಜು, ಎಣ್ಣೆ ಬಾಟಲಿ, ಸ್ಪ್ಯಾನರುಗಳು, ಎಲ್ಲ ತಳ್ಳಿಕೊಂಡು ಮನೆಗೆ ಹೋದೆ. ಅವನ ಮಂಚದ ಪಕ್ಕದಲ್ಲಿ ಹಳೆಯ ಬಟ್ಟೆ ಹಾಸಿ ಸ್ಟ್ಯಾಂಡ್ ನಿಲ್ಲಿಸಿದೆ.

"ಇದನ್ನ ಯಾಕೆ ತಂದೆ? ಕೊಟ್ಬಿಡು ಅಂದಿದ್ನಲ್ಲ."

"ನೋಡ್ತಿರು" ಎಂದೆ.

ಬಾಯಲ್ಲಿ ಹೇಳಲು ಎರಡೂವರೆ ತಿಂಗಳಲ್ಲಿ ಆಗಿರಲಿಲ್ಲ. ಕೈಗಾದರೂ ಗೊತ್ತಿರುವ ಕೆಲಸ, ಅದೇ ಹೇಳಲಿ ಎಂದುಕೊಂಡೆ. ಎಡಗಡೆಯ ಪೈಪು ಬಿಚ್ಚಿದೆ. ಬಲಗಡೆಯದೂ ಬಿಚ್ಚಿದೆ. ಎಣ್ಣೆ ಬಟ್ಟೆಯ ಮೇಲೆ ತೊಟ್ಟಿಕ್ಕಿತು. ಅವನು ಮೊದಲು ಗೋಡೆಯ ಕಡೆ ತಿರುಗಿದ್ದವನು ಸ್ಪ್ಯಾನರಿನ ಸದ್ದಿಗೆ ಇತ್ತ ತಿರುಗಿದ. ಎಷ್ಟಾದರೂ ಅಪ್ಪನ ಮಗ, ಕೆಲಸ ನಡೆಯುತ್ತಿದ್ದರೆ ನೋಡದೆ ಇರಲಾರ.

"ಅಕ್ಕ, ಅದು ಬಲಕ್ಕೆ ಹೋಗ್ತಿದೆ" ಎಂದ.

"ಹೂಂ."

"ಅದು ಮುಂದಿನ ಚಕ್ರದ್ದು."

"ಹೂಂ."

ನಾನು ಎಣ್ಣೆ ತುಂಬಿದೆ, ಗಾಳಿ ತೆಗೆದೆ. ಗುಳ್ಳೆಗಳು ಒಂದೊಂದಾಗಿ ಬರುತ್ತವೆ, ಅವಸರ ಮಾಡುವಂತಿಲ್ಲ. ಅಷ್ಟು ಹೊತ್ತೂ ಅವನ ಕಣ್ಣು ನನ್ನ ಕೈಯ ಮೇಲಿತ್ತು. ಬಿಗಿದಾದ ಮೇಲೆ ಸ್ಟ್ಯಾಂಡನ್ನು ಮಂಚಕ್ಕೆ ತಾಗಿಸಿ, ಅವನ ಬಲಗೈ ತೆಗೆದುಕೊಂಡು ಲಿವರಿನ ಮೇಲಿಟ್ಟೆ. ಮುಂದಿನ ಚಕ್ರ ತಿರುಗಿಸಿದೆ.

"ಹಿಡಿ."

ಒಂದೇ ಬೆರಳು. ಮುಂದಿನ ಚಕ್ರ ಗಕ್ಕನೆ ನಿಂತಿತು.

"ಅವತ್ತು ಹೀಗಿತ್ತಾ?" ಎಂದ.

"ಹೀಗಿತ್ತು. ನಾನೇ ಹಾಕಿದ್ದು. ಎಲ್ಲರಿಗೂ ಹಾಕೋ ಹಾಗೆ ಹಾಕ್ಬಿಟ್ಟೆ."

"ಮತ್ತೆ ಅಂಗಡೀಲಿ ನೋಡ್ದಾಗ?"

"ಅದಕ್ಕೆ ಹದಿನೈದು ದಿನ ಮುಂಚೆ ಇಳಿಸಿ ಬದಲಾಯ್ಸಿದ್ದೆ."

ಅವನು ಬೆರಳು ಬಿಟ್ಟ. ನಾನು ಚಕ್ರ ತಿರುಗಿಸಿದೆ. ಮತ್ತೆ ಒತ್ತಿದ. ಹೀಗೆ ಏಳೆಂಟು ಸಲ. ಆಮೇಲೆ ನಗು ಶುರುವಾಯಿತು ಅವನಿಗೆ, ಎದೆಯೆಲ್ಲ ಕುಲುಕುವ ನಗು. "ಹಿಂದಿಂದೇ ಹಿಡಿದಿದ್ದೆ ಕಣೇ! ನಾನು ಸರಿಯಾಗೇ ಹಿಡಿದಿದ್ದೆ!" ಎಂದ. ನಗುತ್ತ ನಗುತ್ತ ಅಳು ಬಂತು. ಅಮ್ಮ ಓಡಿಬಂದು ಬಾಗಿಲಲ್ಲಿ ನಿಂತಳು. ನಾನು ಅವನ ಭುಜ ಹಿಡಿಯಲು ಹೋದೆ.

"ಮುಟ್ಬೇಡ" ಎಂದ.

ಅಳು ನಿಂತ ಮೇಲೆ ಬಹಳ ಸಮಾಧಾನದಿಂದ ಮಾತಾಡಿದ. "ತಪ್ಪಾಗಿ ಹಾಕಿದ್ಯಲ್ಲ, ಅದನ್ನ ಬಿಡಕ್ಕ. ಯಾರ ಕೈಯಲ್ಲಾದ್ರೂ ಆಗುತ್ತೆ. ನಾನೂ ಇಳಿಯೋ ಮುಂಚೆ ನೋಡ್ಬೇಕಿತ್ತು, ನೋಡ್ಲಿಲ್ಲ. ಆದ್ರೆ ನಾನು ದಿನಾ ನಿನ್ನನ್ನೇ ಕೇಳ್ತಿದ್ದೆ. ಮೇಷ್ಟ್ರನ್ನಲ್ಲ, ಡಾಕ್ಟ್ರನ್ನಲ್ಲ. ನೀನು ತಲೆಯಾಡಿಸ್ದೆ. ನಂಗೇ ತಲೆ ಕೆಟ್ಟಿದೆ ಅಂತ ನನ್ನನ್ನ ನಂಬಿಸ್ದೆ." ಬೆರಳನ್ನು ಲಿವರಿನಿಂದ ತೆಗೆದು, "ಆ ಹಂದೀನೂ ಹೊಡೆಸ್ದೆ" ಎಂದ. ಆಮೇಲೆ, "ಹೋಗು. ಸೈಕಲ್ ಇಲ್ಲೇ ಇರ್ಲಿ. ನೀನು ಹೋಗು."

ಹಾಸಿದ್ದ ಬಟ್ಟೆ ಎತ್ತಿ ನೆಲದ ಎಣ್ಣೆ ಒರೆಸತೊಡಗಿದೆ. ಅಮ್ಮ ಬಂದು ಕೈಯಿಂದ ಬಟ್ಟೆ ಕಿತ್ತುಕೊಂಡಳು.

"ನಂಗಿರೋದು ಇಬ್ರೇ ಮಕ್ಕಳು ಕಣೇ. ಯಾರ ಕಡೆ ನಿಲ್ಲಲಿ ನಾನು?" ಎಂದಳು.

ಅವನ ಕಡೆ ನಿಲ್ಲು ಎಂದೆ.

ಮೇ 19, ಸೋಮವಾರ

ಮೇಷ್ಟ್ರಿಗೆ ನಾನೇ ಹೋಗಿ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ಕೊಕ್ಕೆಯಿಂದ ಇಳಿಸಿದ್ಯಾ?" ಎಂದು. ಎರಡನೆಯ ಪ್ರಶ್ನೆಯನ್ನು ಕೇಳಲಿಲ್ಲ. ಎದ್ದು ಒಳಗೆ ಹೋದರು.

ಗಾರ್ಡ್‌ಗೂ ಹೇಳಿದೆ. ಅವರು, "ಒಂದು ಮರಿ ಉಳಿದಿದೆ" ಎಂದರು, ಅಷ್ಟೇ.

ಮೇ 23, ಶುಕ್ರವಾರ

ಮನೆಗೆ ಹೋಗಿಲ್ಲ. ಅಂಗಡಿಯ ಮೇಲಿನ ಕೋಣೆಯಲ್ಲೇ ಇದ್ದೇನೆ. ಗುಂಪಿನವರು ಒಬ್ಬೊಬ್ಬರೇ ಬಂದು ರಿಪೇರಿಗೆ ಬಿಟ್ಟಿದ್ದ ಸೈಕಲ್ಲು ತೆಗೆದುಕೊಂಡು ಹೋದರು. ಯಾರೂ ಬೈಯಲಿಲ್ಲ. "ಅರ್ಜೆಂಟಿತ್ತು" ಎಂದ ಒಬ್ಬ. ಬ್ರೇಕು ಹಾಕಿಸಿಕೊಂಡಿದ್ದ ಐದು ಜನ ಹೊರಗೆ ಹೋಗಿ, ನನಗೆ ಬೆನ್ನು ಹಾಕಿ, ಒಂದೊಂದು ಸಲ ಒತ್ತಿ ನೋಡಿಕೊಂಡರು. ನಾನಾಗಿದ್ದರೂ ನೋಡುತ್ತಿದ್ದೆ.

ಅಮ್ಮ ಡಬ್ಬಿಯಲ್ಲಿ ಊಟ ತಂದಿದ್ದಳು. ವ್ಯಾಯಾಮದವಳನ್ನು ಅವನೇ ಕರೆಸಿಕೊಂಡನಂತೆ. ದಿನಕ್ಕೆ ಎರಡು ಹೊತ್ತು. ನಿನ್ನೆ ಸರಳು ಹಿಡಿದು ಎದ್ದು ನಿಂತ, ಹನ್ನೊಂದು ಎಣಿಸುವಷ್ಟು ಹೊತ್ತು.

"ಹನ್ನೊಂದಾ?" ಎಂದೆ.

"ಹನ್ನೊಂದು. ನಾನೇ ಎಣಿಸ್ದೆ."

ನನ್ನ ಬಗ್ಗೆ ಏನಾದರೂ ಕೇಳಿದನೇ ಎಂದು ಕೇಳಬೇಕೆಂದಿದ್ದೆ. ಅಮ್ಮ ಡಬ್ಬಿಯ ಮುಚ್ಚಳವನ್ನು ಬಹಳ ಹೊತ್ತು ಒರೆಸುತ್ತಿದ್ದಳು. ಕೇಳಲಿಲ್ಲ.

ಜೂನ್ 1, ಭಾನುವಾರ

ಬೆಳಗ್ಗೆ ಮೇಷ್ಟ್ರು ಅವನ ಸೈಕಲ್ಲನ್ನು ತಳ್ಳಿಕೊಂಡು ಅಂಗಡಿಗೆ ಬಂದರು. ಹದಿಮೂರು ದಿನದ ಮೇಲೆ ನನ್ನ ಮುಖ ನೋಡಿದ್ದು. ತೊಳೆದು ಒರೆಸಿತ್ತು ಸೈಕಲ್ಲು, ಕೆಸರಿನ ಗುರುತೇ ಇರಲಿಲ್ಲ.

"ಬ್ರೇಕು ಅವನ ಹಾಗೆ ತಿರುಗಿ ಹಾಕ್ಬೇಕಂತೆ" ಎಂದರು. "ಇನ್ನು ಸ್ವಲ್ಪ ದಿನಕ್ಕೆ ಬೇಕಾಗುತ್ತೆ ಅಂತಾನೆ. ಹುಚ್ಚು ಮುಂಡೇದು. ಎಷ್ಟು ದಿನ ಅಂತ ಡಾಕ್ಟ್ರಿಗೇ ಗೊತ್ತಿಲ್ಲ."

ಕೈ ಚಾಚಿದೆ. ಮೇಷ್ಟ್ರು ಹ್ಯಾಂಡಲ್ ಬಿಡಲಿಲ್ಲ.

"ನೀವೇ ಮಾಡಿ ಅಂದಿದಾನಮ್ಮ. ನೀನು ಮುಟ್ಬಾರ್ದಂತೆ. ಆದ್ರೆ ನಂಗೆಲ್ಲಿ ಬರುತ್ತೆ ಇದು? ನಾನು ಚಿತ್ರ ಬರೆಯೋನು. ಹೇಳಿಕೊಡು ಅಂತ ಕೇಳ್ಬಹುದು, ಅದಕ್ಕೆ ಬೇಡ ಅಂದಿಲ್ಲ."

ಅಪ್ಪನ ಸ್ಟೂಲಿನ ಮೇಲೆ ಮೇಷ್ಟ್ರನ್ನು ಕೂರಿಸಿದೆ. ನಾನು ಹೊಸಿಲಿನ ಹತ್ತಿರ, ಕೈ ಹಿಂದೆ ಕಟ್ಟಿಕೊಂಡು ನಿಂತೆ. ಎಂಟು ನಂಬರ್ ಸ್ಪ್ಯಾನರ್ ಅಂದೆ, ಹತ್ತು ತೆಗೆದರು. ಎಡಕ್ಕೆ ತಿರುಗಿಸಿ ಅಂದೆ, ಬಲಕ್ಕೆ ತಿರುಗಿಸಿದರು. ಎಣ್ಣೆ ಕಂಡಕಂಡಲ್ಲೆಲ್ಲ ಚೆಲ್ಲಿತು, ಪ್ಯಾಂಟಿಗೆ, ನೆಲಕ್ಕೆ, ಕನ್ನಡಕಕ್ಕೆ. ನಲವತ್ತು ನಿಮಿಷದ ಕೆಲಸ, ಬಿಚ್ಚುವುದಕ್ಕೇ ಮಧ್ಯಾಹ್ನವಾಯಿತು. ಎರಡು ಸಲ ನನ್ನ ಕೈ ತಾನಾಗಿ ಮುಂದೆ ಬಂತು, ಎರಡು ಸಲವೂ ಹಿಂದಕ್ಕೆ ತೆಗೆದುಕೊಂಡೆ. ಮೇಷ್ಟ್ರು ನೋಡಿದರು, ನೋಡದ ಹಾಗೆ ಇದ್ದರು.

ಕೊನೆಗೆ ಎರಡು ಪೈಪುಗಳನ್ನೂ ಒಂದೊಂದು ಕೈಯಲ್ಲಿ ಹಿಡಿದು ತಲೆಯೆತ್ತಿದರು.

"ಈಗ ಮುಂದಿನ ಚಕ್ರದ್ದು ಯಾವ ಕಡೆಗಮ್ಮ?"

"ಎಡಕ್ಕೆ" ಎಂದೆ.

ಅವರು ಜೋಡಿಸಲು ಹೋದವರು ನಿಂತರು. ಪೈಪನ್ನು ಹಿಡಿದು ಕೆಳಗೆ ಚಕ್ರದವರೆಗೆ ಬೆರಳಾಡಿಸಿ ನೋಡಿದರು. ಮತ್ತೆ ಮೇಲಿನವರೆಗೆ. ಆಮೇಲೆ ನನ್ನ ಕಡೆ ನೋಡದೆಯೇ ಇನ್ನೊಮ್ಮೆ ಕೇಳಿದರು, ಯಾವ ಕಡೆಗೆ ಎಂದು.

ಇನ್ನೊಮ್ಮೆ ಹೇಳಿದೆ.